ಗೋಡೆಯ ನೆತ್ತಿಗೆ ನೀರು ಹೊಯ್ಯುವ ಬೆಂಜಮಿನ್

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಾದ ಪತ್ತನಾಜೆ ಕಳೆದು ಮೂರು ದಿನ. ಕಾಪುವಿನ ಕಡಲ ಮೇಲೆ ಮೋಡ ಕಟ್ಟಿದೆ, ಮಳೆ ಇನ್ನೂ ಇಳಿದಿಲ್ಲ. ಬೆಳಗಿನ ಆರು ಗಂಟೆಗೆ ಬೆಂಜಮಿನ್ ಏಣಿ ಹತ್ತಿ, ಹಂಚಿನ ಮಾಡು ಇನ್ನೂ ಏರದ ಮನೆಯೊಂದರ ಗೋಡೆಯ ನೆತ್ತಿಗೆ ಕೊಡಪಾನದಿಂದ ನೀರು ಹೊಯ್ಯುತ್ತಿದ್ದಾರೆ. ಹೊಯ್ದು, ಇಳಿದು, ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಾರೆ. ಮುರಕಲ್ಲಿನ ಸಂದಿನಲ್ಲಿ ಸಿಮೆಂಟ್ ಇದ್ದರೆ ನೀರು ಮೇಲೆಯೇ ನಿಲ್ಲುತ್ತದೆ. ಬರೀ ಮಣ್ಣಾದರೆ ಕೆಸರಾಗಿ ಹೊರಗೆ ಬರುತ್ತದೆ.

ಮನೆಯ ಒಡತಿ ಜುಬೈದಾ ಬೀಡಿ ಎಲೆಯ ಮೊರ ಮಡಿಲಲ್ಲಿಟ್ಟು ಪಕ್ಕದ ಗುಡಿಸಲ ಬಾಗಿಲಲ್ಲಿ ಕೂತಿದ್ದಾರೆ. ಕೈ ಎಲೆ ಕತ್ತರಿಸುತ್ತಿದೆ, ಕಣ್ಣು ಬೆಂಜಮಿನರ ಮೇಲಿದೆ.

ಶಿರ್ವದ ಬೆಂಜಮಿನರಿಗೆ ಐವತ್ತೆರಡು ವರ್ಷ. ಕಾರ್ಕಳದ ಕಲ್ಲುಕೋರೆಯಲ್ಲಿ ದುಡಿದು, ಮೇಸ್ತ್ರಿಯಾಗಿ, ಈಗ ಒಂಬತ್ತು ವರ್ಷದಿಂದ ಉಡುಪಿಯ ಗೃಹ ನಿರ್ಮಾಣ ಸಹಕಾರ ಸಂಘವೊಂದರಲ್ಲಿ ದಿನಗೂಲಿ. ಬಡವರ ಮನೆಸಾಲ ಮೂರು ಕಂತು: ಅಡಿಪಾಯಕ್ಕೊಂದು, ಗೋಡೆಗೊಂದು, ಮಾಡಿಗೊಂದು. ಇವರು ನೋಡಿ ಸಹಿ ಹಾಕದೆ ಮುಂದಿನ ಕಂತಿಲ್ಲ. ದಿನಕ್ಕೆ ಹನ್ನೊಂದು ರೂಪಾಯಿ, ಹತ್ತಾರು ಮೈಲು ಸೈಕಲ್, ಈವರೆಗೆ ನೂರಹನ್ನೆರಡು ಮನೆ. ಸಾಲಗಾರರು ಇವರನ್ನು ಸಂಘದ ಬೇಹುಗಾರ ಎನ್ನುತ್ತಾರೆ. ಸಂಘದವರಿಗೆ ಇವರು ಸಾಲಗಾರರ ಚಾ ಕುಡಿಯುವವರೆಂಬ ಗುಮಾನಿ.

"ಕಲ್ಲಿನ ಮೇಲೆ ಕಲ್ಲಿಟ್ಟು ಹೊರಗಿನಿಂದ ಗಾರೆ ಮೆತ್ತಿ ಕಂತು ತೆಗೆದವರು ಉಂಟು. ಹಾಗಾಗಿ ನಾನು ಯಾರ ಮಾತೂ ನಂಬುವುದಿಲ್ಲ," ಎನ್ನುತ್ತಾರೆ ಅವರು.

ಈ ಗೋಡೆಯಲ್ಲಿ ಕಿಟಕಿಯಿಂದ ಮೇಲಿನ ಕಲ್ಲಿನ ಐದು ವರಸೆಗಳಲ್ಲೂ ಕೆಸರು ಬರುತ್ತದೆ. ಸಿಮೆಂಟ್ ಸರ್ಕಾರದ ಪರ್ಮಿಟಿಗಷ್ಟೇ ಸಿಗುತ್ತದೆ; ಸಂಘ ಕೊಡಿಸಿದ್ದು ಆರು ಮೂಟೆ. ಗೋಡೆ ಮೂರನ್ನಷ್ಟೇ ತಿಂದಿದೆ. ಉಳಿದದ್ದು ಎಲ್ಲಿ ಎಂದರೆ ಜುಬೈದಾ ಲಂಚದ ಮಾತೆತ್ತುತ್ತಾರೆ.

"ನಿಮಗೆ ಎಂತ ಕೊಡಬೇಕು ಪೊರ್ಬುಗಳೇ, ಅದನ್ನು ಹೇಳಿ," ಎನ್ನುತ್ತಾರೆ, ಕ್ರೈಸ್ತರನ್ನು ಊರವರು ಕರೆಯುವಂತೆಯೇ ಕರೆದು.

"ಮೂರು ಮೂಟೆ ತೋರಿಸಿ, ಸಾಕು."

ಮೂಟೆಗಳು ಗುಡಿಸಲ ಮಂಚದ ಅಡಿಯಲ್ಲಿವೆ. ಗಂಡ ತೀರಿದ ಮೇಲೆ, ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಬಂದ ಐದು ಸೆಂಟ್ಸಿನ ಹಕ್ಕುಪತ್ರವನ್ನು ಸಂಘಕ್ಕೆ ಅಡವಿಟ್ಟ ಹೆಂಗಸು ಅವರು. ಮೂರನೆಯ ಕಂತು ಬಂದೇ ಬರುತ್ತದೆಂದು ಅವರಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಬಾರದಿದ್ದರೆ ಮಾರಲಿಕ್ಕಾದರೂ ಇರಲಿ ಎಂದು ಅರ್ಧ ಸಿಮೆಂಟ್ ಬಚ್ಚಿಟ್ಟರು. ಎರಡು ತಿಂಗಳ ಕಡಲಗಾಳಿಗೆ ಅದು ಗೋಣಿಯೊಳಗೇ ಕಲ್ಲಾಗಿದೆ. ಬೆಂಜಮಿನ್ ಸುತ್ತಿಗೆಯಿಂದ ತಟ್ಟಿದಾಗ ಜುಬೈದಾ ಮೊರ ಕೆಳಗಿಟ್ಟು ಗೋಡೆಗೊರಗುತ್ತಾರೆ. ಮಳೆಗೆ ಮುಂಚೆ ಮಾಡು ಏರದಿದ್ದರೆ ಮಣ್ಣಿನ ಸಂದು ಕರಗಿ ಗೋಡೆ ಕೂರುತ್ತದೆ. ಆಮೇಲೆ ಮನೆಯೂ ಇಲ್ಲ, ಹಕ್ಕುಪತ್ರವೂ ಇಲ್ಲ.

ಬೆಂಜಮಿನ್ ಸಹಿ ಹಾಕುವುದಿಲ್ಲ. ಐದು ವರಸೆ ಬಿಚ್ಚಿಸಲು ಹೇಳಿ ಹೊರಡುತ್ತಾರೆ. ಮರುದಿನ ಎತ್ತಿನಗಾಡಿಯಲ್ಲಿ ಮೂರು ಮೂಟೆ ಬಂದಿಳಿಯುತ್ತದೆ. ಬೆಂಜಮಿನ್ ತಮ್ಮ ಅಡಿಗೆಕೋಣೆಯ ನೆಲಕ್ಕೆಂದು ಒಂದು ವರ್ಷ ಕಾದು ಪರ್ಮಿಟಿನಲ್ಲಿ ಪಡೆದ ಸಿಮೆಂಟದು. ಹೆಂಡತಿ ವೆರೊನಿಕಾ, ಊರವರ ಗೋಡೆ ನೋಡುವವನ ಮನೆಯಲ್ಲಿ ಸೆಗಣಿ ನೆಲ ತಪ್ಪುವುದಿಲ್ಲ ಎಂದು ಚುಚ್ಚಿದರಂತೆ.

ಜುಬೈದಾ ಮೂಟೆ ಒಳಗೆ ಬಿಡುವುದಿಲ್ಲ. ಬಡ್ಡಿ ಎಷ್ಟು, ಯಾಕೆ ಕೊಡುತ್ತೀರಿ ಎಂದು ಅಂಗಳದಲ್ಲೇ ವಿಚಾರಣೆ.

"ಬಡ್ಡಿ ಇಲ್ಲ. ಆದರೆ ಮೂರಕ್ಕೆ ಮೂರು ವಾಪಸು ಬೇಕು ಜುಬೈದಮ್ಮಾ. ಬಿಟ್ಟುಕೊಟ್ಟರೆ ನಾಳೆ ಊರು ನಮ್ಮಿಬ್ಬರ ಬಗ್ಗೆಯೂ ಎಂತೆಂತ ಹೇಳೀತು."

ಈ ಮಾತು ಅವರಿಗೆ ಸರಿಯೆನ್ನಿಸುತ್ತದೆ. ಜೂನ್ ನಾಲ್ಕಕ್ಕೆ ಗೋಡೆ ಪಾಸು, ಏಳಕ್ಕೆ ಹಂಚು, ಒಂಬತ್ತಕ್ಕೆ ಮಳೆ.

ಮೂಟೆಯ ಸಾಲ ತೀರಲು ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಎರಡು ಮೂಟೆಯನ್ನು ಜುಬೈದಾ ಗಾಡಿಯಲ್ಲಿ ಕಳುಹಿಸುತ್ತಾರೆ. ಕೊನೆಯದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು, ಲಗೇಜಿಗೆ ಕಂಡಕ್ಟರನೊಡನೆ ಜಗಳವಾಡಿ, ತಾವೇ ಶಿರ್ವಕ್ಕೆ ತರುತ್ತಾರೆ. ವೆರೊನಿಕಾ ಕೊಟ್ಟ ನೀರು ಮುಟ್ಟುವ ಮೊದಲು, ಮೂರು ಮೂಟೆ ಸಂದಾಯವಾಯಿತೆಂದು ಬರೆದು ಸಹಿ ಹಾಕಿಕೊಡಲು ಕೇಳುತ್ತಾರೆ.

ಬೆಂಜಮಿನ್ ಬರೆಯುತ್ತಾರೆ, ತಾರೀಕು ಹಾಕುತ್ತಾರೆ. ಓದು ಬಾರದ ಜುಬೈದಾ ಅದನ್ನು ಪಕ್ಕದ ಅಂಗಡಿಯಲ್ಲಿ ಓದಿಸಿಕೊಂಡು ಬಂದು, ಆಮೇಲೆ ನೀರು ಕುಡಿಯುತ್ತಾರೆ.

ನಂಬಲಿಲ್ಲವೆಂದು ಬೇಜಾರಾಯಿತೇ ಎಂದು ಕೇಳಿದರೆ, "ಬೇಜಾರು ಎಂತದ್ದು? ಎಲ್ಲರೂ ಹಾಗೆಯೇ ಕೇಳಬೇಕು ಮಾರಾಯ್ರೆ," ಎನ್ನುತ್ತಾರೆ ಬೆಂಜಮಿನ್. "ಹತ್ತು ವರ್ಷದಲ್ಲಿ ನಾನು ಸಹಿ ಹಾಕಿದ್ದನ್ನು ಓದಿಸಿ ನೋಡಿದವರು ಅವರೊಬ್ಬರೇ."