ಚೊಕ್ಕಟಗೊಂಡ ಕೆರೆ ಏರಿ

ಕೆರೆ ಏರಿಯ ಬುಡದಲ್ಲಿ ಆ ಗಿಡವನ್ನು ಮೊದಲು ಗುರುತಿಸಿದವನು ನಾನು. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ಅದಕ್ಕೆ ಹೆಸರಿಲ್ಲ, ಕಳೆ ಎನ್ನುತ್ತಾರೆ. ನೆಲಕ್ಕಂಟಿ ಹರಡಿ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ನೇರಳೆ ಹೂ ಬಿಡುತ್ತಿತ್ತು. ಸಸ್ಯಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದ ಮೇಲೂ, ಹೂಬಿಟ್ಟ ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ಸ್ಥಳ, ದಿನಾಂಕ, ಮಣ್ಣಿನ ಬಣ್ಣ ಬರೆದಿಡುವ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ.

ಹಾಗೆ ಈ ಗಿಡವನ್ನು ಒತ್ತಿಟ್ಟಿದ್ದ ಹಾಳೆಯನ್ನು ಕಂಡ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ, ಒಂದು ಚೀಲ ಗಿಡ ಒಯ್ದಳು. ಅದರ ಸಾರ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ನಿಧಾನಗೊಳಿಸಿತು. ಮದ್ದು ಸಿಕ್ಕಿತೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅದೇ ಜಾಗದಿಂದ, ಹೂಬಿಟ್ಟಾಗಲೇ, ಇನ್ನೊಮ್ಮೆ ತಂದು ಪರೀಕ್ಷಿಸಬೇಕು. ಇಲ್ಲವಾದರೆ ಆ ಗಿಡವನ್ನೇ ಕೈಬಿಡುತ್ತಾರೆ ಎಂದಳು. ಬೇರೆಲ್ಲೂ ಅದು ನನಗೆ ಸಿಕ್ಕಿರಲಿಲ್ಲ.

ಹಿರಿಯ ವಿಜ್ಞಾನಿಗಳನ್ನು ಕರೆತರುತ್ತೇನೆಂದು ಅವಳು ತಿಳಿಸಿದಾಗ, ಅವರ ಕಾರು ನಿಲ್ಲಿಸಲು ಏರಿಯ ಬಳಿ ಜಾಗ ಬೇಕೆಂದು ಪಂಚಾಯಿತಿ ಸದಸ್ಯನಿಗೆ ಹೇಳಿದೆ. ಗಿಡದ ಸುದ್ದಿ ಎತ್ತಲಿಲ್ಲ. ತಿಳಿದರೆ ಕಿತ್ತು ಮಾರುವವರು ಹುಟ್ಟಿಕೊಳ್ಳುತ್ತಾರೆಂಬ ಭಯ.

ಅವರು ಬರುವ ದಿನ ಬೆಳಿಗ್ಗೆ ಹೋದರೆ ಏರಿಯ ಬುಡ ಬೋಳು. ಶಾಮಿಯಾನ, ಸುಣ್ಣದ ಗೆರೆ, ತಟ್ಟೆಯಲ್ಲಿ ಚೆಂಡುಹೂವಿನ ಹಾರ.

“ಎಂಗೈತೆ ಮೇಷ್ಟ್ರೇ? ನಿನ್ನೆ ಜೆಸಿಬಿ ತರಿಸಿ ಒಂದ್ ಕಳೆ ಉಳಿಸ್ದಂಗೆ ತೆಗೆಸ್ಬಿಟ್ಟೆ. ದೊಡ್ಡೋರು ಬತ್ತಾರೆ, ಮರ್ವಾದೆ ಬೇಡ್ವಾ?” ಎಂದ ಸದಸ್ಯ.

“ಅವ್ರು ಬರ್ತಿರೋದೇ ಆ ಕಳೆ ನೋಡೋಕೆ ಕಣಯ್ಯಾ!”

“ತಮಾಷೆ ಮಾಡ್ಬೇಡಿ ಸಾ. ಕಳೆ ನೋಡಕ್ಕೆ ಬೆಂಗ್ಳೂರಿಂದ ಬತ್ತಾರಾ? ನಮ್ ಹೊಲದಾಗೆ ಬೇಕಾದಷ್ಟೈತೆ, ಕಿತ್ಕೊಂಡೋಗ್ಲಿ, ಕೂಲಿನಾದ್ರೂ ಉಳೀತದೆ!”

ಸುತ್ತಲಿದ್ದವರು ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಕೆರೆದ ಮಣ್ಣನ್ನು ಆಗಲೇ ಟ್ರ್ಯಾಕ್ಟರಿನಲ್ಲಿ ಸಾಗಿಸಿ ರಸ್ತೆಯ ಗುಂಡಿಗಳಿಗೆ ತುಂಬಿದ್ದರು.

ವಿಜ್ಞಾನಿಗಳಿಗೆ ಶಾಲು ಹೊದಿಸಿ ಭಾಷಣ ಮಾಡಿದರು. ನನ್ನ ವಿದ್ಯಾರ್ಥಿನಿ ಹಾರ ಕೈಯಲ್ಲಿ ಹಿಡಿದೇ ಬಂದು ಮೆಲ್ಲಗೆ ಕೇಳಿದಳು: “ಒಂದೂ ಇಲ್ವಾ ಸಾರ್?”

ಮುಂದಿನ ಎರಡು ಮಳೆಗಾಲ ಅಲ್ಲಿ ಅಂಗುಲ ಅಂಗುಲ ಹುಡುಕಿದೆ. ಪಾರ್ಥೇನಿಯಂ ಒಂದೇ ಎದ್ದಿತ್ತು. ಪ್ರಯೋಗಾಲಯ ಆ ಗಿಡದ ಕಡತ ಮುಚ್ಚಿತು.

ಮೊನ್ನೆ ಬಸ್ ನಿಲ್ದಾಣದಲ್ಲಿ ಸದಸ್ಯ ಎದುರಾದ. “ಇನ್ನೂ ಕೋಪಾನಾ ಮೇಷ್ಟ್ರೇ?”

ಹೌದು ಎಂದೆ.