ನನ್ನ ಹೆಸರಿನಲ್ಲಿ ನಿಂತ ಗೋಲ್‌ಕೀಪರ್

ಇದು 1954ರ ಮಾತು. ನಮ್ಮ ಕಡೆ ಆಗ ಇನ್ನೂ ಮುಂಬಯಿ ಸರಕಾರವಿತ್ತು. ಸಿಟ್ಟು ಆರಿದ ಮೇಲೆ ಬರೆದರಾಯಿತು ಎಂದು ಇಷ್ಟು ವರ್ಷ ಕಾದೆ. ಆರಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನನಗಾಗ ಇಪ್ಪತ್ತೆರಡು ವರ್ಷ. ಇಳಕಲ್ಲಿನಲ್ಲಿ ಮನೆಯ ಮಗ್ಗದ ಮೇಲೆ ಸೀರೆ ನೇಯುತ್ತಿದ್ದೆ. ಸಂಜೆಯಾದರೆ ಊರ ಹೊರಗಿನ ಬಯಲಿನಲ್ಲಿ ಫುಟ್‌ಬಾಲ್. ಇಡೀ ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಸಂಜೆ ಓಡದಿದ್ದರೆ ಸಮಾಧಾನವಿರುತ್ತಿರಲಿಲ್ಲ. ನಮ್ಮ ಟೀಮಿನಲ್ಲಿ ಹೆಚ್ಚಿನವರು ನೇಕಾರರೇ. ಎಲ್ಲರದೂ ಬರಿಗಾಲು. ನಾನು ಗೋಲ್‌ಕೀಪರ್. ಬಸು ನಮ್ಮ ಕ್ಯಾಪ್ಟನ್. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನ್ನ ಮಗ್ಗದ ಸದ್ದು ನಿಂತರೆ ಆ ಕಡೆಯಿಂದ "ಯಾಕಲೇ ಶಂಕ್ರ್ಯಾ, ಎಳಿ ಹರೀತೇನು?" ಎಂದು ಕೂಗುತ್ತಿದ್ದ. ಒಂದೇ ಶಾಲೆಗೆ ಹೋಗಿ ಒಂದೇ ದಿನ ಶಾಲೆ ಬಿಟ್ಟವರು ನಾವು.

ಆ ವರ್ಷ ಹುನಗುಂದದಲ್ಲಿ ತಾಲೂಕಿನ ಪಂದ್ಯಗಳನ್ನೆಲ್ಲ ಗೆದ್ದೆವು. ನನ್ನ ಬೆನ್ನ ಹಿಂದೆ ಒಂದೂ ಚೆಂಡು ಹೋಗಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದು ನಿಮಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ. ಬಾಗಲಕೋಟೆಯಲ್ಲಿ ಫೈನಲ್, ಬಾದಾಮಿ ತಾಲೂಕಿನ ಟೀಮಿನ ಜೊತೆ. ಗೆದ್ದವರಿಗೆ ದೊಡ್ಡ ಢಾಲು, ಅಂದರೆ ಶೀಲ್ಡು. ಆಡುವವರೆಲ್ಲ ಆಯಾ ತಾಲೂಕಿನವರೇ ಆಗಿರಬೇಕು, ಹೆಸರು, ಊರು, ಉದ್ಯೋಗ ಬರೆದ ಯಾದಿಯನ್ನು ಮೊದಲೇ ಕೊಡಬೇಕು ಎಂಬುದು ನಿಯಮ.

ನಮ್ಮ ಟೀಮಿಗೆ ಸೆಕ್ರೆಟರಿ ಎಂದರೆ ಊರಿನ ಒಬ್ಬ ಸೀರೆ ಅಂಗಡಿಯ ಸಾವಕಾರರು. ಚೆಂಡು ತಂದುಕೊಡುತ್ತಿದ್ದವರು, ಅಂಗಿ ಹೊಲಿಸಿದವರು ಅವರೇ. ನನ್ನ ಮಗ್ಗಕ್ಕೆ ನೂಲು ಕೊಡುತ್ತಿದ್ದವರೂ ಅವರೇ. ಫೈನಲ್‌ಗೆ ಹದಿನೈದು ದಿನ ಇರುವಾಗ ನಮ್ಮ ಮನೆಗೆ ಬಂದು ಅವ್ವನ ಎದುರು ಕೂತರು.

"ಶಂಕ್ರಪ್ಪ, ಒಂದು ಸೀರಿ ಆಗಬೇಕಲ್ಲೋ. ಚಿಕ್ಕಿಪರಾಸ ದಡಿ, ಟೋಪತೆನಿ ಸೆರಗು. ಫೈನಲ್ ದಿನಾನ ಕೈಗೆ ಬೇಕು."

"ಅಷ್ಟು ಲಗೂ ಆಗಂಗಿಲ್ರಿ. ನನಗ ಪ್ರ್ಯಾಕ್ಟೀಸ್ ಐತಿ," ಎಂದೆ. ಆ ನಮೂನೆಯ ಅಂಚು, ಸೆರಗು ಎಂದರೆ ನಿಧಾನದ ಕೆಲಸ.

"ಪ್ರ್ಯಾಕ್ಟೀಸ್ ನಿನಗ್ಯಾಕ ಬೇಕೋ? ಬಂಗಾರದಂಥಾ ಕೈ ನಿನ್ನವು. ಬಹುಮಾನ ಕೊಡಾಕ ಬರೋ ಸಾಹೇಬರ ಮನಿಯವರಿಗೆ ಕೊಡೋ ಸೀರಿ ಅದು. ಟೀಮಿನ ಮಾನದ ಪ್ರಶ್ನಿ."

ಟೀಮಿನ ಮಾನ ಎಂದ ಮೇಲೆ ನಾನು ಒಪ್ಪಿಕೊಂಡೆ. ಕೂಲಿಯನ್ನೂ ಕೇಳಲಿಲ್ಲ. ಮೈದಾನದ ಕಡೆ ತಲೆ ಹಾಕದೆ ಹಗಲೂ ಸಂಜೆಯೂ ಕೂತು ನೇಯ್ದೆ. ಹಾಸು ಎಂದರೆ ಮಗ್ಗದ ಉದ್ದೆಳೆಗಳು. ನಮ್ಮ ಸೀರೆಯ ಸೆರಗಿಗೆ ಬೇರೆ ಹಾಸು, ಒಡಲಿಗೆ ಬೇರೆ ಹಾಸು. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಬೇಕು. ಆ ಕೆಲಸ ಅವ್ವನದು. ಕಣ್ಣು ಮಂಜಾಗಿದ್ದರೂ "ನಿನ್ನ ಆಟದ ಸೀರಿ" ಎಂದು ಅವಳೇ ಕೂತು ಅಷ್ಟೂ ಕೊಂಡಿ ಹಾಕಿದಳು. ಹೊರಡುವ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಮಡಿಸಿ, ಬಿಳಿ ಅರಿವೆಯಲ್ಲಿ ಸುತ್ತಿ ಸಾವಕಾರರ ಕೈಗೆ ಕೊಟ್ಟೆ.

ಬೆಳಿಗ್ಗೆ ಲಾರಿ ಹತ್ತಿ ಬಾಗಲಕೋಟೆಗೆ ಹೊರಟೆವು. ದಾರಿಯುದ್ದಕ್ಕೂ ಬಸು ನನ್ನ ಮುಖ ನೋಡಲಿಲ್ಲ. ಫೈನಲ್ ಎಂದು ಹೆದರಿದ್ದಾನೆ ಅಂದುಕೊಂಡು ನಾನೇ ಬೆನ್ನು ತಟ್ಟಿದೆ. ಎಂಥ ಪೆದ್ದ ನಾನು!

ಸ್ಟೇಶನ್ ಹತ್ತಿರದ ಛತ್ರದಲ್ಲಿ ನಮ್ಮನ್ನು ಇಳಿಸಿದರು. ಅಲ್ಲಿ ಗುರುತಿಲ್ಲದ ಇಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಇಬ್ಬರ ಪಕ್ಕದಲ್ಲೂ ಬೂಟು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದವರಂತೆ. ಯಾವ ಊರಿನವರು ಕರೆದರೆ ಆ ಊರಿಗೆ ಹೋಗಿ ಆಡಿ ಬರುವ ಆಟಗಾರರು. ಅವರಲ್ಲಿ ಎತ್ತರದವನ ಹೆಸರು ಮುನಿಸ್ವಾಮಿ. ಸಾವಕಾರರು ಟ್ರಂಕು ತೆರೆದು ಬಿಳಿ ಅರಿವೆಯ ಗಂಟನ್ನು ಅವನ ಕೈಗೆ ಕೊಟ್ಟರು. ಅವನು ನನ್ನ ಕಣ್ಣೆದುರಿಗೇ ಅದನ್ನು ಬಿಚ್ಚಿದ. ನಾನು ನೇಯ್ದ ಸೀರೆ, ಅವ್ವ ಕೊಂಡಿ ಹಾಕಿದ ಸೆರಗು!

"ಅಣ್ಣಾ, ಸೀರೆ ಭಾಳ ಚಲೋ ಇದೆ. ನನ್ ಹೆಂಡ್ತಿ ಖುಷಿ ಆಗ್ತಾಳೆ," ಎಂದು ಅವನು ನನಗೇ ತೋರಿಸಿದ. ಅವನಿಗೇನು ಗೊತ್ತು ಪಾಪ.

"ಸಾವಕಾರ್ರ, ಏನಿದು?" ಎಂದೆ.

"ಮುನಿಸ್ವಾಮಿ ಇವತ್ತ ಗೋಲಿನ್ಯಾಗ ನಿಂದರತಾನ. ಸೀರಿ ಕೊಟ್ಟರಷ್ಟ ಬರ್ತೇನಿ ಅಂದಿದ್ದ," ಎಂದರು, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ. "ನೀನರ ಪ್ರ್ಯಾಕ್ಟೀಸಿಗೆ ಬಂದೀಯೇನು? ಹದಿನೈದು ದಿವಸ ಚೆಂಡು ಮುಟ್ಟಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಸೀರೆ ನೇಯಿ ಎಂದು ಕೂರಿಸಿದವರೂ ಇವರೇ, ಪ್ರ್ಯಾಕ್ಟೀಸಿಗೆ ಬರಲಿಲ್ಲ ಎನ್ನುವವರೂ ಇವರೇ. ನನ್ನನ್ನು ಹೊರಗೆ ಹಾಕುವುದಕ್ಕೆ ನನ್ನ ಕೈಯಿಂದಲೇ ಪುಕ್ಕಟೆ ದುಡಿಸಿಕೊಂಡಿದ್ದರು. ಬಸುವಿನ ಕಡೆ ತಿರುಗಿದೆ. "ನಿನಗ ಗೊತ್ತಿತ್ತೇನಲೇ?" ಎಂದು ಕೇಳಿದೆ. ಅವನು ಕಾಲಿನ ಪಟ್ಟಿ ಸುತ್ತುತ್ತ, "ಢಾಲು ಊರಿಗೆ ಬರಲಿ ಶಂಕ್ರ್ಯಾ. ಯಾರು ನಿಂತರೇನು?" ಎಂದ.

ಅಷ್ಟಕ್ಕೇ ಮುಗಿಯಲಿಲ್ಲ. ಯಾದಿಯಲ್ಲಿ ನನ್ನ ಹೆಸರು ತೆಗೆದಿರಲಿಲ್ಲ. ಮುನಿಸ್ವಾಮಿ ಆ ದಿನದ ಮಟ್ಟಿಗೆ ಶಂಕ್ರಪ್ಪ, ನೇಕಾರ, ಇಳಕಲ್ಲ. ಜೊತೆಗೆ ಬಂದವನು ಊರಲ್ಲೇ ಉಳಿದ ನಮ್ಮ ಇನ್ನೊಬ್ಬ ಆಟಗಾರನ ಹೆಸರಿನಲ್ಲಿ ಆಡುವವನು. ನನಗೆ ನೀರಿನ ಕೊಡ, ಲಿಂಬೆಹಣ್ಣು ಕೊಟ್ಟು ಗೆರೆಯ ಆಚೆ ಕೂರಿಸಿದರು. ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಆ ಆಟ ಬಿಟ್ಟು ಹೋಗಲು ಕಾಲೇ ಬರಲಿಲ್ಲ.

ಆಟ ಶುರುವಾಯಿತು. ಹುಬ್ಬಳ್ಳಿಯ ಇನ್ನೊಬ್ಬ ಬೂಟುಗಾಲಿನಲ್ಲಿ ಒಂದು ಗೋಲು ಹೊಡೆದೇಬಿಟ್ಟ. ಮುನಿಸ್ವಾಮಿಯೂ ಚೆನ್ನಾಗಿ ಆಡಿದ, ಸುಳ್ಳೇಕೆ ಹೇಳಲಿ. ಆದರೆ ಚೆಂಡು ಹತ್ತಿರ ಬಂದಾಗಲೆಲ್ಲ ತಮಿಳಿನಲ್ಲಿ ಕೂಗುತ್ತಿದ್ದ. ಅರ್ಧ ಆಟಕ್ಕೆ ಸೀಟಿ ಊದಿದಾಗ ಬಾದಾಮಿಯವರು ರೆಫರಿಯನ್ನು ಸುತ್ತುಗಟ್ಟಿದರು. ರೆಫರಿ ಒಬ್ಬ ಡ್ರಿಲ್ ಮಾಸ್ತರರು. ಯಾದಿ ತೆರೆದು, "ಗೋಲ್‌ಕೀಪರ್ ಶಂಕ್ರಪ್ಪ. ಉದ್ಯೋಗ ನೇಕಾರಿಕೆ. ಹೌದೇನಪಾ?" ಎಂದು ಕೇಳಿದರು. ಮುನಿಸ್ವಾಮಿ ತಲೆಯಾಡಿಸಿದ.

ಬಾದಾಮಿಯ ಟೀಮಿನಲ್ಲಿ ಗುಳೇದಗುಡ್ಡದ ಒಬ್ಬನಿದ್ದ. ರವಿಕೆಯ ಖಣ ನೇಯುವವನು. ಅವನು ನಗುತ್ತ ಮುಂದೆ ಬಂದು, ತಲೆಗೆ ಸುತ್ತಿದ್ದ ವಸ್ತ್ರದಿಂದ ಒಂದು ಎಳೆ ಕಿತ್ತು, ನಡುವೆ ತುಂಡು ಮಾಡಿ, ಮುನಿಸ್ವಾಮಿಯ ಅಂಗೈ ಮೇಲಿಟ್ಟ.

"ಇಳಕಲ್ಲ ನೇಕಾರ ಅಂತೀಯಲ್ಲ ಅಣ್ಣಾ, ಇದೊಂದು ಎಳಿ ಕೂಡಿಸಿಬಿಡು. ನಾವು ಸುಮ್ಮನ ಹೋಗ್ತೇವಿ."

ನಮ್ಮ ಓಣಿಯ ಎಂಟು ವರ್ಷದ ಹುಡುಗಿಯೂ ಮಾತಾಡುತ್ತ ಮಾತಾಡುತ್ತ ಹರಿದ ಎಳೆ ಕೂಡಿಸುತ್ತಾಳೆ. ಮುನಿಸ್ವಾಮಿ ಎರಡು ತುದಿ ಹಿಡಿದು, ಬೂಟಿನ ದಾರ ಕಟ್ಟಿದಂತೆ ಕಡಲೆ ಗಾತ್ರದ ಗಂಟು ಹಾಕಿ, ಹಲ್ಲಿನಿಂದ ಬಿಗಿದ. ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಉದ್ಯೋಗದ ಮುಂದೆ ಬೇರೆ ಏನನ್ನಾದರೂ ಬರೆದಿದ್ದರೆ ಸಾವಕಾರರು ಪಾರಾಗುತ್ತಿದ್ದರು. ಆ ಬುದ್ಧಿ ಅವರಿಗೆ ಹೊಳೆದಿರಲಿಲ್ಲ.

"ಕೈ ಬೆವತಾವ್ರಿ ಅವನವು," ಎಂದರು ಸಾವಕಾರರು.

ಮಾಸ್ತರರು ಅವರನ್ನು ಬಿಟ್ಟು ಬಸುವನ್ನು ಕರೆದರು. "ನೀ ಕ್ಯಾಪ್ಟನ್. ಖರೆ ಹೇಳು. ಇವನ ಶಂಕ್ರಪ್ಪ ಏನು?"

ಬಸು ನನ್ನನ್ನು ನೋಡಿದ. ನಾನು ಕೊಡ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನನ್ನ ಮುಖ ನೋಡುತ್ತಲೇ ಮುನಿಸ್ವಾಮಿಯ ಹೆಗಲ ಮೇಲೆ ಕೈ ಹಾಕಿ ಹೇಳಿದ: "ಹೌದ್ರಿ. ಇವನ ಶಂಕ್ರಪ್ಪ. ನಮ್ಮ ಮನಿ ಬಾಜೂ ಮನಿಯವ. ಸಣ್ಣಂದಿನಿಂದ ಗೊತ್ತು."

ಅಲ್ಲಿಯವರೆಗೆ ತಡೆದಿದ್ದೆ. ಇನ್ನು ಆಗಲಿಲ್ಲ. ಕೊಡ ಅಲ್ಲೇ ಕುಕ್ಕಿ ನಡುವೆ ನುಗ್ಗಿದೆ. ಎಳೆ ಕಸಿದುಕೊಂಡು ಆ ಗಂಟನ್ನು ಹರಿದು, ಎರಡೂ ತುದಿ ಹೊಸೆದು ಕೂಡಿಸಿ ಮಾಸ್ತರರ ಕೈಗಿಟ್ಟೆ. "ಶಂಕ್ರಪ್ಪ ನಾನ್ರಿ," ಎಂದೆ. ಗುಳೇದಗುಡ್ಡದವನು ಎಳೆ ಜಗ್ಗಿ ನೋಡಿ, "ಇಂವ ಖರೆ ನೇಕಾರ," ಎಂದ.

ಮಾಸ್ತರರು ಒಳ್ಳೆಯ ಮನುಷ್ಯ. ಹುಬ್ಬಳ್ಳಿಯವರಿಬ್ಬರನ್ನೂ ಹೊರಗೆ ಕಳಿಸಿದರು. ಮುನಿಸ್ವಾಮಿ ಹೋಗುವಾಗ ನನ್ನ ಎದುರು ನಿಂತು, "ಅಣ್ಣಾ, ನಿಮ್ ಹೆಸರು ಅಂತ ಗೊತ್ತಿರಲಿಲ್ಲ," ಎಂದು ಕೈಮುಗಿದ. ತನ್ನ ಚೀಲದಿಂದ ಸೀರೆ ಹೊರತೆಗೆದು ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. ಅವನ ಮೇಲಿನ ಸಿಟ್ಟು ಅಲ್ಲೇ ಇಳಿಯಿತು.

"ಆದ ಗೋಲು ಲೆಕ್ಕಕ್ಕ ಹಿಡಿಯೂದಿಲ್ಲ," ಎಂದರು ಮಾಸ್ತರರು. "ನಿಮ್ಮವರ ಹತ್ತು ಮಂದಿ ಆಗ್ತೀರಿ. ಶಂಕ್ರಪ್ಪ ಗೋಲಿನ್ಯಾಗ ನಿಂದರಲಿ. ಹೊಸದಾಗಿ ಆಡ್ರಿ. ಬಾದಾಮಿಯವರೂ ಒಪ್ಪ್ಯಾರ."

ನನ್ನ ಜೀವಕ್ಕೆ ಅಷ್ಟೇ ಬೇಕಾಗಿತ್ತು. ಅಂಗಿ ಕಳಚಿ ಗೋಲಿನ ಕಡೆ ಹೊರಟೇಬಿಟ್ಟಿದ್ದೆ. ಹಿಂದಿನಿಂದ ಬಸುವಿನ ದನಿ ಕೇಳಿತು.

"ಇವನ ಕೂಡ ನಾವು ಆಡೂದಿಲ್ರಿ. ಊರ ಮಾನ ಕಳದಾನ."

ಸಾವಕಾರರು ಕೈ ಬೀಸಿ ಕರೆದರು. ನಮ್ಮವರು ಒಬ್ಬೊಬ್ಬರೇ ತಲೆ ತಗ್ಗಿಸಿ ಮೈದಾನ ಬಿಟ್ಟರು. ಒಬ್ಬನಾದರೂ ನಿಲ್ಲುತ್ತಾನೇನೋ ಎಂದು ನೋಡಿದೆ. ಯಾರೂ ನಿಲ್ಲಲಿಲ್ಲ. ನಾನು ಮಾತ್ರ ಹೋಗಿ ಎರಡು ಕಂಬಗಳ ನಡುವೆ ನಿಂತೆ.

ಎದುರಿನವರು ಬಿಟ್ಟು ಹೋದರೂ ಗೆದ್ದವರು ಖಾಲಿ ಗೋಲಿಗೆ ಒಮ್ಮೆ ಚೆಂಡು ಒದ್ದು ಆಟ ಮುಗಿಸುವುದು ಆಗಿನ ರೂಢಿ. ಗೋಲು ಖಾಲಿ ಇರಲಿಲ್ಲವಲ್ಲ! ಗುಳೇದಗುಡ್ಡದವನು ಮೆಲ್ಲಗೆ ಒದ್ದ. ನಾನು ಹಿಡಿದು ತಿರುಗಿ ಎಸೆದೆ. "ಬಿಡೋ ಮಾರಾಯಾ, ನಿಯಮಕ್ಕಷ್ಟ," ಎಂದು ಮತ್ತೆ ಒದ್ದ. ಹಿಡಿದೆ. ಮೂರನೆಯದನ್ನು ಅವನೂ ಜೋರಾಗಿಯೇ ಒದ್ದ. ಎಡಕ್ಕೆ ಹಾರಿ, ಮೊಣಕೈ ಕೆತ್ತಿಸಿಕೊಂಡು ಹಿಡಿದೆ. ಅಲ್ಲಿಯವರೆಗೆ ನಗುತ್ತಿದ್ದ ಜನ ನಗು ನಿಲ್ಲಿಸಿದರು. ಮಾಸ್ತರರು ಹತ್ತಿರ ಬಂದು, "ಸಾಕಪಾ, ಚೆಂಡು ಕೊಡು," ಎಂದರು.

"ಗೋಲು ಬಿಡೂದಿಲ್ರಿ ನಾ," ಎಂದೆ. ಅಳುತ್ತಿದ್ದೆ ಎಂದು ಆಗ ತಿಳಿಯಿತು.

"ಬಿಡಬ್ಯಾಡ," ಎಂದು ಅವರು ಸೀಟಿ ಊದಿ ಹಾಗೆಯೇ ಆಟ ಮುಗಿಸಿದರು. ಢಾಲು ಬಾದಾಮಿಗೆ ಹೋಯಿತು.

ಲಾರಿ ನನಗಾಗಿ ಕಾಯಲಿಲ್ಲ. ಬಸ್ಸಿನಲ್ಲಿ ಊರಿಗೆ ಬಂದೆ. ಸಾವಕಾರರು ನನಗೆ ನೂಲು ಕೊಡುವುದನ್ನು ನಿಲ್ಲಿಸಿದರು, ಬೇರೆಯವರು ಕೊಟ್ಟರು. ಟೀಮಿಗೆ ನನ್ನನ್ನು ಮತ್ತೆ ಕರೆಯಲಿಲ್ಲ. ಫುಟ್‌ಬಾಲ್ ನನ್ನ ಪಾಲಿಗೆ ಅವತ್ತಿಗೇ ಮುಗಿಯಿತು. "ಇನ್ನ ಅರ್ಧ ತಾಸು ಬಾಯಿ ಮುಚ್ಚಿಕೊಂಡಿದ್ದರ ಢಾಲು ನಮ್ಮದಿತ್ತು" ಎಂದು ಇಂದಿಗೂ ಹೇಳುವವರಿದ್ದಾರೆ. ಹೇಳಲಿ. ಸಾವಕಾರರು ವ್ಯಾಪಾರಿ, ವ್ಯಾಪಾರ ಮಾಡಿದರು ಎಂದಾದರೂ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಬಸುವಿನ ವಿಷಯದಲ್ಲಿ ಅದು ಆಗಲಿಲ್ಲ. ಆಮೇಲೆ ಎಷ್ಟೋ ವರ್ಷ ನಾವು ಅದೇ ಗೋಡೆಯ ಆಚೆ ಈಚೆ ಕೂತು ನೇಯ್ದೆವು. ನಮ್ಮ ಅವ್ವ ತೀರಿಕೊಂಡಾಗ ಬಾಗಿಲವರೆಗೂ ಬಂದು, "ಶಂಕ್ರಪ್ಪಾ" ಎಂದು ಕರೆದ. ಎಲ್ಲರೂ ನನ್ನ ಕಡೆ ನೋಡಿದರು. "ಶಂಕ್ರಪ್ಪ ಇಲ್ಲಿಲ್ಲ. ನಿನ್ನ ಶಂಕ್ರಪ್ಪ ಹುಬ್ಬಳ್ಳ್ಯಾಗ ಅದಾನ, ಅಲ್ಲಿ ಹೋಗು," ಎಂದೆ. ಸಾವಿನ ಮನೆಯಲ್ಲಿ ಹಾಗೆ ಅನ್ನಬಾರದಿತ್ತು ಎಂದು ಹಿರಿಯರು ಬೈದರು. ಅನ್ನಬಾರದಿತ್ತು, ನಿಜ. ಆದರೆ ಇವತ್ತು ಬಂದು ಕರೆದರೂ ನಾನು ಅದನ್ನೇ ಹೇಳುತ್ತೇನೆ.