ನೀಲವ್ವ ಹೇಳಿದ್ದು, ನಾನು ಹೇಳಿದ್ದು

ನೀಲವ್ವ, ನೀನು ಜಾರಿ ಬೀಳಲಿಲ್ಲ. ಜಾರಿದಳು ಎಂದು ಫೌಜದಾರನಿಗೆ ಮರಾಠಿಯಲ್ಲಿ ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಆಗ ನಾನು ಎಂ.ಎ. ಓದುತ್ತಿದ್ದೆ. ಮರಾಠಿ ನಾಡಿನ ಕೋಪರಿಯಲ್ಲಿ ನಮ್ಮಪ್ಪನ ಹೋಟೆಲು. ಅಲ್ಲಿ ದಿನವೂ ಚಹಾ ಕುಡಿಯುವ ಹವಾಲ್ದಾರ ಒಂದು ಮಧ್ಯಾಹ್ನ ಬಂದು, "ಅಣ್ಣಾ, ಮಗಳನ್ನ ಸ್ವಲ್ಪ ಕಳಿಸಿ. ಪೊಲೀಸ್ ಚೌಕಿಯಲ್ಲಿ ನಿಮ್ಮ ಕಾನಡೀ ಪೋರಿ ಒಂದು ಕೂತಿದೆ. ರೈಲು ಹಳಿಯಿಂದ ಎಳೆದು ತಂದಿದ್ದಾರೆ, ಬಾಯಿ ಬಿಡ್ತಿಲ್ಲ," ಎಂದ.

ಬೆಂಚಿನ ತುದಿಯಲ್ಲಿ ನೀನು. ಕೂದಲಲ್ಲಿ ಸಿಮೆಂಟಿನ ಧೂಳು. ಹದಿನೇಳಿರಬಹುದು. ಕನ್ನಡದಲ್ಲಿ ಹೆಸರು ಕೇಳಿದ ಕೂಡಲೇ ನನ್ನ ಕೈ ಹಿಡಿದೆ. ನನಗೆ ಮುಜುಗರವಾಯಿತು — ಅದನ್ನೂ ಹೇಳಬೇಕು.

"ಅವ್ವ ಸತ್ತಾಳ್ರೀ ಅಕ್ಕಾರ. ನಮ್ಮನ್ನ ಕೆಲಸಕ್ಕ ತಂದ ಮುಕಾದಮಗ ಕಾಕಾ ನನ್ನ ಕೊಡತೀನಿ ಅಂತಾನ. ಅವಂಗ ಹೆಂಡ್ತಿ ಅದಾಳ. ಒಲ್ಲೆ ಅಂದ್ರ ಬಡೀತಾನ. ಎಲ್ಲಿಗಿ ಬೇಕಾರ ಕಳಸ್ರಿ, ಮನಿಗಿ ಮಾತ್ರ ಕಳಸಬ್ಯಾಡ್ರಿ."

ಫೌಜದಾರ ತಲೆಯೆತ್ತದೆ ಕೇಳಿದ: "ಇಷ್ಟು ಹೇಳಿ ಸಾಕು. ಜಾರಿದಳೋ, ತಾನಾಗಿ ಹಳಿಗೆ ಇಳಿದಳೋ? ಇಳಿದಿದ್ದರೆ ಕೇಸು, ಲಾಕಪ್ಪು. ಜಾರಿದ್ದರೆ ಮನೆಗೆ."

ಹವಾಲ್ದಾರ ನಕ್ಕ. "ಪ್ರೇಮ ಇರಬೇಕು ಸಾಹೇಬ್. ಸಿನಿಮಾ ನೋಡಿ ನೋಡಿ ಹೀಗಾಗ್ತಾವೆ."

ನಿನ್ನ ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಸಿನಿಮಾವಂತೆ!

ಸಾಯಬೇಕೆನಿಸಿದ ಹುಡುಗಿಗೆ ಆ ಕೋಣೆಯಲ್ಲಿದ್ದದ್ದು ಎರಡೇ ಬಾಗಿಲು — ಒಂದು ಲಾಕಪ್ಪಿನದು, ಇನ್ನೊಂದು ಅವಳು ಓಡಿಬಂದ ಮನೆಯದೇ. ಯಾಕಮ್ಮಾ ಎಂದು ಯಾರೂ ಕೇಳಲಿಲ್ಲ. ಒಂದು ಲೋಟ ನೀರು ಕೊಡಲಿಲ್ಲ. ಬದುಕಲಾರೆ ಎನ್ನುವವಳನ್ನು ಅಪರಾಧಿ ಎಂದ ಆಗಿನ ಕಾನೂನು ಅವಳನ್ನು ಅಲ್ಲಿಯವರೆಗೆ ಅಟ್ಟಿದವನ ಹೆಸರು ಕೇಳಲಿಲ್ಲ — ಈಗಲೂ ಯಾರೂ ಕೇಳುವುದಿಲ್ಲ. ನೆನೆದರೆ ಮೈ ಉರಿಯುತ್ತದೆ.

ಆದರೆ ಯಾಕೆಂದು ತಿಳಿದವಳೊಬ್ಬಳು ಅಲ್ಲಿದ್ದಳು. ಅವಳು ಹೇಳಿದ್ದು ಇಷ್ಟೇ: "ಜಾರಿದಳಂತೆ ಸಾಹೇಬ್. ಮನೆಗೆ ಹೋಗಬೇಕಂತೆ."

ಲಾಕಪ್ಪಿನಿಂದ ಉಳಿಸಿದೆ ಎಂದುಕೊಂಡೆ. ಅರ್ಧ ನಿಜ. ಉಳಿದರ್ಧ — ಕೇಸಾದರೆ ನನ್ನನ್ನೂ ಕೋರ್ಟಿಗೆ ಕರೆಯುತ್ತಾರೆ. ಆ ವಾರವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನಗೆ ಅಲ್ಲಿಂದ ಎದ್ದು ಹೋಗಬೇಕಿತ್ತು.

ತಿಂಗಳುಗಟ್ಟಲೆ ಇಲ್ಲಿ ಮರಾಠಿಯವರ ನಡುವೆ ಇಟ್ಟಿಗೆ ಹೊತ್ತವಳು ನೀನು. ಮರಾಠಿ ಆಡಲು ಬಾರದಿದ್ದರೂ ನಾನು ಹೇಳಿದ್ದು ನಿನಗೆ ತಿಳಿಯಿತು. ನೀನು ನನ್ನ ಕೈ ಬಿಟ್ಟೆ.

"ನಾ ಜಾರಿಲ್ರೀ. ನೀವ್ಯಾಕ ಹಂಗ ಹೇಳಿದ್ರಿ?"

"ಏನಂತಾಳೆ?" ಎಂದ ಫೌಜದಾರ.

"ಉಪಕಾರವಾಯಿತು ಅಂತಾಳೆ," ಎಂದೆ.

ನಿನ್ನ ಕಾಕಾ ಬಂದು, ಎಲ್ಲರಿಗೂ ಕೈಮುಗಿದು, ನಿನ್ನನ್ನು ಕರೆದೊಯ್ದ. ನೀನು ತಿರುಗಿ ನೋಡಲಿಲ್ಲ. ನೀವು ಕಟ್ಟುತ್ತಿದ್ದ ಕಟ್ಟಡದ ಬಳಿ ನಾನು ಹೋದದ್ದು ಮಳೆಗಾಲ ಕಳೆದ ಮೇಲೆ. ಗುಡಿಸಲುಗಳು ಎದ್ದುಹೋಗಿದ್ದವು. ನೀವೆಲ್ಲ ಎಲ್ಲಿಗೆ ಹೋದಿರೆಂದು ಕಾವಲಿನವನಿಗೂ ತಿಳಿಯದು. ನೀನು ಇದ್ದೀಯೋ —

ವರ್ಷಗಳಾದವು. ನಾನೀಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹವಾಲ್ದಾರ ಈಗಲೂ ಚಹಾಕ್ಕೆ ಬರುತ್ತಾನೆ. ಮೊನ್ನೆ ಅಪ್ಪನೆದುರು ಹೊಗಳಿದ: "ನಿಮ್ಮ ಮಗಳು ಭಾರೀ ಹುಷಾರು ಅಣ್ಣಾ! ಅವತ್ತು ಚಹಾ ಆರುವುದರೊಳಗೆ ಮ್ಯಾಟರ್ ಮುಗಿಸಿಬಿಟ್ಟರು." ಅಪ್ಪ ಹೆಮ್ಮೆಯಿಂದ ನನ್ನತ್ತ ನೋಡಿದರು.

"ಅವಳು ಜಾರಿರಲಿಲ್ಲ," ಎಂದೆ.

ಅವನು ಚಹಾದ ಬಸಿ ಕೆಳಗಿಟ್ಟ. "ಹೋಗಲಿ ಬಿಡಿ ತಾಯೀ. ಹಳೇದು."

ಅವನು ಏಳುವ ಮೊದಲೇ ಹೇಳತೊಡಗಿದೆ — ಮರಾಠಿಯಲ್ಲಿ, ಹೋಟೆಲಿನಲ್ಲಿದ್ದವರೆಲ್ಲ ಕೇಳುವಂತೆ. ಅವ್ವ, ಕಾಕಾ, ಮುಕಾದಮ, ಬಡಿತ — ನೀನು ಹೇಳಿದ ಒಂದು ಮಾತನ್ನೂ ಬಿಡಲಿಲ್ಲ, ನಾನು ಹೇಳಿದ್ದನ್ನೂ ಬಿಡಲಿಲ್ಲ. ಅಪ್ಪ ತಲೆ ತಗ್ಗಿಸಿದರು. ಕೊನೆಯ ಮಾತನ್ನು ಎರಡು ಸಲ ಹೇಳಿದೆ: ಎಲ್ಲಿಗೆ ಬೇಕಾದರೂ ಕಳಿಸಿ, ಮನೆಗೆ ಮಾತ್ರ ಕಳಿಸಬೇಡಿ.